ಏಡಿಯ ಪಾಠಕ್ಕೆ ಹೋದ ನೀರುಕೋಳಿ

ಕೆರೆ ಉಳಿಸುವ ಉನ್ನತ ವಿದ್ಯೆ ಕಲಿಸುವ ಶಾಲೆಯೊಂದರಲ್ಲಿ ಕಡ್ಡಾಯ ಪಾಠಗಳು ಮುಗಿದಿದ್ದವು. ಇನ್ನು ಪ್ರತಿಯೊಬ್ಬರೂ ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕಿತ್ತು. ಎಲ್ಲರೂ ಮೀನು ಎಣಿಸುವ ಪಾಠಕ್ಕೆ ಹೆಸರು ಕೊಟ್ಟರು. ನೀರುಕೋಳಿ ಮಾತ್ರ ಹಿರಿಯ ಗುರು ಆಮೆಯನ್ನು ಕೇಳಿತು, "ಏಡಿಯವರು ಏನು ಕಲಿಸುತ್ತಾರೆ?"

"ಕೆರೆ ಏರಿಯ ಮಣ್ಣಿನ ವಿಷಯ. ಆದರೆ ಅವನ ಪಾಠಕ್ಕೆ ಯಾರೂ ಹೋಗುವುದಿಲ್ಲ. ಏರಿ ಕೊರೆದು ನೀರು ಸೋರಿಸುವವನೇ ಅವನೆಂದು ಎಲ್ಲರಿಗೂ ಸಿಟ್ಟು."

"ಕೊರೆದವರಿಗಲ್ಲವೇ ಅದರ ಒಳಗು ಗೊತ್ತಿರುವುದು?" ಎಂದು ನೀರುಕೋಳಿ ಹೊರಟಿತು.

ಬಿಲದ ಬಾಯಲ್ಲಿ ಕೂತಿದ್ದ ಏಡಿ ಕೊಂಡಿ ಎತ್ತಿತು. "ನನ್ನನ್ನು ಓಡಿಸಲು ಬಂದೆಯಾ?"

"ಇಲ್ಲ, ಕಲಿಯಲು ಬಂದೆ. ನೀವು ಏರಿಯನ್ನೇ ಏಕೆ ಕೊರೆಯುತ್ತೀರಿ?"

ಹಾಗೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಏಡಿ ಮೆಲ್ಲಗೆ ಕೊಂಡಿ ಇಳಿಸಿತು. "ಮೊದಲು ನಾನು ದಡದ ಕೆಸರಿನಲ್ಲಿದ್ದೆ. ಗೂಡು ಕಟ್ಟಲು ನೀರುಕೋಳಿಗಳು ಅಲ್ಲಿನ ಜೊಂಡನ್ನೆಲ್ಲ ಕಿತ್ತವು. ಹಿಡಿದಿಡುವ ಬೇರಿಲ್ಲದೆ ಕೆಸರು ಕೊಚ್ಚಿಹೋಯಿತು. ನನಗೆ ಉಳಿದದ್ದು ಈ ಏರಿಯೊಂದೇ."

ನೀರುಕೋಳಿ ತಲೆ ತಗ್ಗಿಸಿ ಹಿಂತಿರುಗಿತು. ಮರುದಿನ ಬೆಳಿಗ್ಗೆ ಅದು ಕೊಕ್ಕಿನ ತುಂಬ ಜೊಂಡಿನ ಬೇರು ಹೊತ್ತು ಮತ್ತೆ ಬಂದು, ಅವನ್ನು ಏಡಿಯ ಮುಂದಿಟ್ಟು ಕೇಳಿತು:

"ಗುರುಗಳೇ, ನಿಮ್ಮ ಹಳೆಯ ಮನೆ ಎಲ್ಲಿತ್ತು?"