ಹೂಂ ಅನ್ನದ ಮಂದಿ

"ಸರ್, ಎಷ್ಟು ಇಂಗ್ಲಿಷ್ ಕಲಿತರೆ ಸಾಕು?" ಎಂದು ಗಾದಿಲಿಂಗ ಕೇಳಿದ.

ಅವನು ರಾಜ್ಯಶಾಸ್ತ್ರದ ಎಂ.ಎ. ವಿದ್ಯಾರ್ಥಿ. ಪದವಿಯವರೆಗೆ ಕನ್ನಡದಲ್ಲೇ ಓದಿದವನು. ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಹಾಸ್ಟೆಲ್ಲಿನ ಕೋಣೆಯ ಬಾಗಿಲು ಹಾಕಿಕೊಂಡು, ದೊಡ್ಡ ದೊಡ್ಡ ಇಂಗ್ಲಿಷ್ ಮಾತುಗಳನ್ನು ಒಬ್ಬನೇ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದ. ಈಗ ತರಗತಿಯಲ್ಲಿ ಅವನೇ ಮುಂದು. ಆದರೂ ಮುಖದಲ್ಲಿ ಗೆಲುವಿರಲಿಲ್ಲ.

ಅವನ ಗುರು ವಾಮದೇವಯ್ಯ ಮೇಷ್ಟ್ರು ನಕ್ಕರು. "ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಈ ಶಾಸ್ತ್ರಕ್ಕೆ ಬಂದ ಮೇಲೆ ಇಂಗ್ಲಿಷ್ ಬೇಕೇ ಬೇಕು. ಎಷ್ಟು ಕಲಿತರೆ ಸಾಕೆಂಬ ಲೆಕ್ಕ ಮಾತ್ರ ನನಗೆ ಗೊತ್ತಿಲ್ಲ ಮಾರಾಯ. ಒಂದು ಕತೆ ಗೊತ್ತು. ಕೂತುಕೋ."

ಒಂದು ಸೀಮೆಯಲ್ಲಿ ಕುರಿ ಕಾಯುವ ಮಂದಿ ಇದ್ದರು. ಅವರಲ್ಲಿ ಒಂದು ಪದ್ಧತಿ. ಎಲ್ಲರ ಪರವಾಗಿ ಒಬ್ಬ ಮಾತಾಡಿದರೆ ಉಳಿದವರು ಹೂಂ ಅನ್ನಬೇಕು. ಹೂಂ ಅಂದರೆ ಆಣೆ ಇಟ್ಟ ಹಾಗೆ. ತಿಳಿಯದ ಮಾತಿಗೆ ಅದನ್ನು ಅನ್ನುವಂತಿಲ್ಲ. ಅನ್ನದೆ ಹೋದರೆ, ಆಡಿದ ಮಾತು ಆಡಿದವನೊಬ್ಬನದೇ. ಅವರ ರಾಜನೂ ಈ ಪದ್ಧತಿಯನ್ನು ಮನ್ನಿಸುತ್ತಿದ್ದ.

ಆದರೆ ಆಸ್ಥಾನದ ಭಾಷೆಯೇ ಬೇರೆ. ಅದು ಬಾರದವರು ಬಾಗಿಲಲ್ಲೇ ನಿಲ್ಲಬೇಕಿತ್ತು. ಅವರು ಅಲ್ಲಿ ನಿಂತಿದ್ದಾಗಲೇ ಅವರ ಹುಲ್ಲುಗಾವಲು ಒಂದೊಂದೇ ಅಂಚು ಕರಗಿ ಯಾರ್ಯಾರದೋ ಪಾಲಾಯಿತು. ಹಿರಿಯರು, "ಬಾಯಿದ್ದವನು ಬರಗಾಲದಲ್ಲೂ ಬದುಕಿದ. ನಮಗೂ ಅಲ್ಲೊಂದು ಬಾಯಿ ಬೇಕು" ಎಂದು ಒಬ್ಬ ಚುರುಕಾದ ಹುಡುಗನನ್ನು ರಾಜಧಾನಿಗೆ ಕಳಿಸಿದರು.

ಅವನು ಕಲಿತ. ಹಗಲಿರುಳು ಕಲಿತ. ರಾಜ್ಯ, ಗಡಿ, ಹಕ್ಕು, ನ್ಯಾಯ ಎಲ್ಲವನ್ನೂ ಆ ಭಾಷೆಯಲ್ಲೇ ಕಲಿತ. ಜೊತೆಯವರು ಅವನ ಮಾತನ್ನು ಹೊಗಳುತ್ತಿದ್ದರು, ಆದರೆ ಯಾರೂ ಮನೆಗೆ ಕರೆಯುತ್ತಿರಲಿಲ್ಲ. ಸಂಜೆ ಛತ್ರದ ಜಗಲಿಯ ಮೇಲೆ ಒಬ್ಬನೇ ಕೂತು, ಅಂದು ಕಲಿತ ಮಾತುಗಳನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅವನಿಗೆ ಬಹಳ ಬೇಸರವಾಗುತ್ತಿತ್ತು. ಬೇಸರ ಹೋಗಲೆಂದು ಇನ್ನಷ್ಟು ಕಲಿಯುತ್ತಿದ್ದ.

ಕಡೆಗೆ ಒಬ್ಬ ವ್ಯಾಪಾರಿ, ಉಳಿದ ಹುಲ್ಲುಗಾವಲೆಲ್ಲ ತನಗೇ ಬೇಕೆಂದು ರಾಜನನ್ನು ಕೇಳಿದ. ಮಂದಿ ಓಡೋಡಿ ಬಂದರು. ಈ ಸಲ ಬಾಗಿಲು ತೆರೆಯಿತು, ಯಾಕೆಂದರೆ ಮುಂದೆ ಅವನಿದ್ದ.

ಅವನು ಮಾತಾಡಿದ. ಏನು ಮಾತು ಅಂತೀಯ! ಪಂಡಿತರು ತಲೆದೂಗಿದರು. ವ್ಯಾಪಾರಿಯ ಮುಖ ಬಾಡಿತು. ರಾಜನೂ ಒಲಿದ. ಆಮೇಲೆ ಪದ್ಧತಿಯಂತೆ ಮಂದಿಯ ಕಡೆ ನೋಡಿದ.

ಯಾರೂ ಹೂಂ ಅನ್ನಲಿಲ್ಲ.

ಅವರಿಗೆ ಒಂದಕ್ಷರವೂ ತಿಳಿದಿರಲಿಲ್ಲ. ತಿಳಿಯದ್ದಕ್ಕೆ ಆಣೆ ಇಡುವ ಜನವಲ್ಲ ಅದು. ಮುಂದೆ ನಿಂತಿದ್ದ ಅವನ ಅವ್ವ, "ಮಗಾ, ಈಗ ಅಂದದ್ದನ್ನೇ ನಮಗೂ ಒಂದೀಟು ಹೇಳಪ್ಪ. ಹೂಂ ಅಂತೀವಿ" ಅಂದಳು.

ಅವನು ಅವಳ ಕಡೆ ತಿರುಗಿದ. ಬಾಯಿ ತೆರೆದ. ಬಂದದ್ದು ಆಸ್ಥಾನದ ಮಾತು. ನಿಲ್ಲಿಸಿ ಮತ್ತೆ ತೆರೆದ. ಮತ್ತೆ ಅದೇ ಬಂತು. ತಾನು ಕಲಿತದ್ದಕ್ಕೆ ಸರಿಸಮನಾದ ಮಾತನ್ನು ಮನೆಯ ಭಾಷೆಯಲ್ಲಿ ಹುಡುಕುತ್ತಾ ನಿಂತ. 'ಕುರಿ ಮೇಯುವ ಜಾಗ ನಮಗೆ ಬಿಡಿ ಅಂತ ಕೇಳಿದೆ ಕಣವ್ವ' ಅಂದಿದ್ದರೆ ಸಾಕಿತ್ತು. ಅಷ್ಟು ಸಣ್ಣ ಮಾತು ಅವನಿಗೆ ಹೊಳೆಯಲೇ ಇಲ್ಲ.

ರಾಜ ಕಾದು ನೋಡಿದ. ಕೊನೆಗೆ, "ಇದು ನಿನ್ನೊಬ್ಬನ ಮಾತು" ಅಂದುಬಿಟ್ಟ. ಹುಲ್ಲುಗಾವಲು ವ್ಯಾಪಾರಿಗೆ ಹೋಯಿತು.

ಮಂದಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕುರಿ ಹೊಡೆದುಕೊಂಡು ಬೇರೆ ಸೀಮೆಗೆ ಹೊರಟರು. ಅವನೂ ಒಂದಷ್ಟು ದೂರ ಜೊತೆಗೆ ನಡೆದ. ರೊಟ್ಟಿ ಕೊಟ್ಟರು, ನೀರು ಕೊಟ್ಟರು. ಅವನು ಹತ್ತಿರ ಬಂದು ಕೂತಾಗ ಮಾತ್ರ, ತಮ್ಮೊಳಗೆ ಆಡುತ್ತಿದ್ದ ಮಾತನ್ನು ನಿಲ್ಲಿಸಿ, ದೊಡ್ಡವರು ಬಂದರೆಂದು ಎದ್ದು ಜಾಗ ಬಿಡುತ್ತಿದ್ದರು. ಅದನ್ನು ತಾಳಲಾರದೆ ಅವನು ರಾಜಧಾನಿಗೆ ಮರಳಿದ. ಅಲ್ಲಿ ಅವನಿಗೊಂದು ಒಳ್ಳೆಯ ಹುದ್ದೆ ಸಿಕ್ಕಿತು.

ಮೇಷ್ಟ್ರು ಕತೆ ಮುಗಿಸಿದರು. ಗಾದಿಲಿಂಗ, "ಹಾಗಾದರೆ ಅವನು ಆ ಭಾಷೆಯನ್ನು ಕಲಿಯಲೇಬಾರದಿತ್ತೇ, ಸರ್?" ಎಂದ.

"ಕಲಿಯದಿದ್ದರೆ ಬಾಗಿಲೇ ತೆರೆಯುತ್ತಿರಲಿಲ್ಲವಲ್ಲ. ನೀನೂ ಕಲಿ, ಇನ್ನೂ ಚೆನ್ನಾಗಿ ಕಲಿ. ಅದಿರಲಿ, 'ಏನು ಓದಾಕತ್ತೀಯಪ್ಪ' ಅಂತ ನಿಮ್ಮವ್ವ ಕೇಳಿದರೆ ಏನು ಹೇಳುತ್ತೀಯ?"

ಗಾದಿಲಿಂಗ ಬಾಯಿ ತೆರೆದ; ಬಂದದ್ದು ಇಂಗ್ಲಿಷ್ ಮಾತು.