ನಾಗವ್ವನ ಮಗ ತರಿಸಿದ ಕರಿಗಲ್ಲು

“ಕೇಳ್ರಪ್ಪೋ ಕೇಳ್ರಿ! ಬಿಳಿಗುಡ್ಡದ ದೊರೆ ಸಿಂಗರಸರ ಅರಮನೆ ಬಾವಿಯಲ್ಲಿ ಕರಿ ಎಣ್ಣೆ ಎದ್ದಿದೆ. ಅದರ ಮೇಲೆ ದೊರೆಗಳು ಮೂರು ಒಗಟು ಹಾಕಿದ್ದಾರೆ. ಬಿಡಿಸಿದವರು ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಅಮಾವಾಸ್ಯೆಯ ದಿನ ಹೋಗುವುದು. ಎಣ್ಣೆ ಸುರಿದ ಗಾಣಗಿತ್ತಿ ನಾಗವ್ವನ ತಲೆಯೂ ಅದೇ ದಿನ!”

ಡಂಗುರದವನ ಕೊನೆಯ ಮಾತಿಗೆ ಮೈಲಾರಿಯ ಕೈಯಿಂದ ಗಾಣದೆತ್ತಿನ ಹಗ್ಗ ಜಾರಿತು. ನಾಗವ್ವ ಅವನ ಹೆತ್ತ ತಾಯಿ. ಪಾಪ, ಅವಳು ಮಾಡಿದ್ದಾದರೂ ಏನು? ದೀಪದ ಎಣ್ಣೆ ಕೊಡಲು ಅರಮನೆಗೆ ಹೋದವಳು, ಬಾವಿಯಲ್ಲಿ ಕರಿ ಪದರ ಕಂಡು ಎಲ್ಲರಿಗಿಂತ ಮೊದಲು ಕೂಗಿಕೊಂಡಳು. ಮೊದಲು ಕಂಡವಳೇ ಸುರಿದವಳು ಎಂದು ದೊರೆ ತೀರ್ಮಾನಿಸಿಬಿಟ್ಟ. ಕೈಯಲ್ಲಿ ಎಣ್ಣೆಯ ಗಡಿಗೆ ಬೇರೆ ಇತ್ತಲ್ಲ!

ಸಿಂಗರಸನ ಗುಮಾನಿ ಅಂಥಿಂಥದಲ್ಲ. ಅವನ ಮಜ್ಜಿಗೆಯನ್ನು ಮೂವರು ರುಚಿ ನೋಡುತ್ತಿದ್ದರು, ಆ ಮೂವರನ್ನು ಒಬ್ಬ ಕಾಯುತ್ತಿದ್ದ, ಆ ಒಬ್ಬನ ಮೇಲೆ ದೊರೆಯೇ ಕಣ್ಣಿಟ್ಟಿದ್ದ. ತಲೆ ಕಡಿಯುವವನನ್ನೂ ನಂಬದೆ ಎಲ್ಲರ ಶಿಕ್ಷೆಯನ್ನು ತನ್ನ ಕಣ್ಣೆದುರೇ ಒಂದೇ ದಿನ ಮುಗಿಸಬೇಕೆಂದು ಅಮಾವಾಸ್ಯೆ ಗೊತ್ತುಮಾಡಿದ್ದ.

ಮೈಲಾರಿ ಆಸ್ಥಾನ ಮುಟ್ಟುವ ಹೊತ್ತಿಗೆ ಮೊದಲ ಒಗಟು ನಡೆಯುತ್ತಿತ್ತು. ದೊರೆಯ ಮುಂದೆ ಬಾವಿಯ ಎಣ್ಣೆಯ ಗಡಿಗೆ, ಅದರ ಪಕ್ಕ ಬೇರೆ ಮೂರು ಗಡಿಗೆಗಳಿದ್ದವು. ಒಂದು ನಾಗವ್ವನ ಮನೆಯಿಂದ ಹಿಡಿದು ತಂದ ಹರಳೆಣ್ಣೆ. ಇನ್ನೊಂದು ಕೀಲು, ಮರ ಸುಟ್ಟು ಇಳಿಸಿ ದೋಣಿಗೆ ಬಳಿಯುವ ಕಪ್ಪು ಅಂಟು. ಮೂರನೆಯದು ನರಿಹಳ್ಳದ ಬಂಡೆಸಂದಿನಲ್ಲಿ ಜಿನುಗುವ ಮಂದವಾದ ಕಪ್ಪು ಜಿಡ್ಡು.

“ನನ್ನ ಬಾವಿಯ ಎಣ್ಣೆಗೆ ಒಡಹುಟ್ಟಿದ್ದು ಇವುಗಳಲ್ಲಿ ಯಾವುದು?” ಎಂದ ದೊರೆ.

ನೆರೆರಾಜ್ಯದ ರಾಜಕುಮಾರ ಮೀಸೆ ತಿರುವಿ ಕೀಲಿನ ಗಡಿಗೆ ತೋರಿಸಿದ. “ಬಣ್ಣ ಒಂದೇ ಇದೆ.”

“ಇಷ್ಟು ಬೇಗ ಹೇಗೆ ಹೇಳಿದೆ? ಯಾರು ಹೇಳಿಕೊಟ್ಟರು? ಒಯ್ಯಿರಿ!”

ಆಸ್ಥಾನದ ಜೋಯಿಸರು ಬಹಳ ಹೊತ್ತು ಗುಣಿಸಿ, ನಾಗವ್ವನ ಗಡಿಗೆ ಎಂದರು. “ಇಷ್ಟು ತಡವೇಕೆ? ಏನೋ ಮುಚ್ಚಿಡುತ್ತಿದ್ದೀರಿ,” ಎಂದು ದೊರೆ ಅವರನ್ನೂ ಸೆರೆಗೆ ತಳ್ಳಿದ.

ಮೈಲಾರಿಗೆ ಒಂದು ಹೊಳೆಯಿತು. ಉತ್ತರ ದೊರೆಗೇ ಗೊತ್ತಿಲ್ಲ! ಬರೀ ಬಾಯಿಮಾತು ಆಡಿದರೆ ತನ್ನದೂ ಅದೇ ಗತಿ, ಅವ್ವನದೂ ಅಷ್ಟೇ. ಆದರೆ ಎಣ್ಣೆಯ ಮೇಲೆ ಗುಮಾನಿ ಪಡುವುದು ಗಾಣಿಗರಿಗೆ ಹೊಸದಲ್ಲ. ಅವನು ಹೆಗಲ ಮೇಲಿನ ಬಿಳಿ ಪಂಚೆ ಹಾಸಿದ.

“ಧಣೀ, ನೀವ ನಿಮ್ಮ ಕೈಲೆ ಒಂದೊಂದು ಹನಿ ಹಾಕ್ರಿ.”

ದೊರೆ ಪಂಚೆಯನ್ನು ಎರಡೂ ಕಡೆ ತಿರುವಿ ನೋಡಿ ಹನಿ ಹಾಕಿದ. ಬಾವಿಯ ಎಣ್ಣೆ ಹರಡಿ ಮೂರು ಸುತ್ತು ಮೂಡಿದವು: ನಡುವೆ ಕಪ್ಪು, ಆಮೇಲೆ ಕಂದು, ಅಂಚಿಗೆ ಹಸಿರು ಹಳದಿ. ಹರಳೆಣ್ಣೆ ಒಂದೇ ಒದ್ದೆ ಕಲೆಯಾಯಿತು. ಕೀಲು ಹರಡದೆ ಮುದ್ದೆಯಾಗಿ ಕೂತಿತು. ನರಿಹಳ್ಳದ ಜಿಡ್ಡು ಮಾತ್ರ ನಿಧಾನವಾಗಿ ಹರಡಿ ಅವೇ ಮೂರು ಸುತ್ತು ಬಿಟ್ಟಿತು.

“ಬಿಸಲಿಗೆ ಮಂದ ಆಗೇತ್ರಿ, ಅಷ್ಟ. ಹುಟ್ಟು ಬ್ಯಾರೆ ಅಲ್ಲ.”

ದೊರೆ ಹುಬ್ಬು ಗಂಟಿಕ್ಕಿದ. “ಇರಲಿ. ಎರಡನೆಯದು ಕೇಳು. ನನ್ನ ಬಾವಿಯ ಸುತ್ತ ಇರುವುದು ಬಿಳಿ ಮರಳುಗಲ್ಲು. ಎಣ್ಣೆ ಅದರಿಂದ ಒಸರುತ್ತದೆ. ಆ ಕಲ್ಲು ಮಗುವನ್ನು ಎತ್ತಿಕೊಂಡವಳು ಅಷ್ಟೇ. ಹೆತ್ತವಳು ಯಾರು?”

“ಧಣೀ, ನಮ್ಮ ಓಣ್ಯಾಗ ಹಿಂಡಿ ಕಟ್ಟದ ಎಣ್ಣಿ ಯಾರೂ ಕೊಳ್ಳೂದಿಲ್ಲ. ಎಣ್ಣಿ ತಗದ ಮ್ಯಾಲ ಉಳಿದ ಅದ ಬೀಜದ ಹಿಂಡೀನ ಗಡಿಗಿ ಕೊರಳಿಗೆ ಕಟ್ಟಿರ್ತೀವಿ. ಎರಡನ್ನೂ ಮೂಸಿ, ತಾಳೆ ಆದ್ರ ಒಯ್ತಾರ. ಈ ಎಣ್ಣೀದೂ ಹಿಂಡಿ ಎಲ್ಲೋ ಇರಬೇಕು. ನರಿಹಳ್ಳದ ತಳದಾಗ ಪದರ ಪದರ ಕರಿಗಲ್ಲು ಐತಿ. ಒಲಿಗುಂಡು ಮಾಡಿ ಇಟ್ರ ಹೊಗಿ ನಾರತೈತಿ ಅಂತ ಹೆಣ್ಮಕ್ಕಳು ಅದನ್ನ ಮುಟ್ಟೂದಿಲ್ಲ. ಅದನ್ನ ತರಸ್ರಿ.”

“ನೀನು ಮೊದಲೇ ಅದನ್ನು ಎಣ್ಣೆಯಲ್ಲಿ ಅದ್ದಿಟ್ಟಿರುತ್ತೀಯ!”

“ಅದಕ್ಕ ನಿಮ್ಮ ಮಂದೀನ ಕಳಸ್ರಿ. ಕಲ್ಲ ಒಡದು ಒಳಗಿಂದು ತರಲಿ.”

ದೊರೆ ಇಬ್ಬರನ್ನು ಕಳಿಸಿದ, ಅವರ ಹಿಂದೆ ಮತ್ತಿಬ್ಬರನ್ನು ಕಳಿಸಿದ. ಕಲ್ಲು ಬಂತು. ಮೈಲಾರಿ ಮೊದಲು ಬಾವಿಯ ಬಳಿಯ, ಎಣ್ಣೆ ತಾಗದ ಬಿಳಿಗಲ್ಲನ್ನು ಕುಟ್ಟಿ ಮಡಕೆಗೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಬಿದಿರ ಕೊಳವೆ ಸಿಕ್ಕಿಸಿ ಕಾಯಿಸಿದ. ನಾಲ್ಕು ಹನಿ ನೀರಷ್ಟೇ ಬಂತು. ಬೇರೆ ಮಡಕೆಯಲ್ಲಿ ಕರಿಗಲ್ಲಿನ ಪುಡಿ ಕಾಯಿಸಿದ. ಬಹಳ ಹೊತ್ತು ಏನೂ ಬರಲಿಲ್ಲ. ಭಟರು ಅವನ ಹಿಂದೆ ಬಂದು ನಿಂತರು. ಮೈಲಾರಿ ಒಲೆಗೆ ಇನ್ನೆರಡು ಕಟ್ಟಿಗೆ ಒಟ್ಟಿದ. ಕೊನೆಗೆ ಕೊಳವೆಯ ತುದಿಯಲ್ಲಿ ಕಪ್ಪು ಹನಿಯೊಂದು ತೂಗಾಡಿ ಪಂಚೆಯ ಮೇಲೆ ಬಿತ್ತು. ಕಪ್ಪು, ಕಂದು, ಹಸಿರು ಹಳದಿ.

“ಕಲ್ಲು ಹೆತ್ತಿತು ಎನ್ನೋಣ,” ಎಂದು ದೊರೆ ಗದ್ದುಗೆಯಿಂದ ಎದ್ದ. “ಕೈಯಿಲ್ಲದೆ ಹಿಂಡಿದವನು ಯಾರು? ಒಲೆಯಿಲ್ಲದೆ ಬೇಯಿಸಿದವನು ಯಾರು? ಏನನ್ನು ಹಿಂಡಿದ? ಇದೇ ಮೂರನೆಯದು. ಹೆಸರು ಹೇಳು, ಅವನನ್ನೂ ಕಟ್ಟಿಸುತ್ತೇನೆ.”

ಮೈಲಾರಿ ಉಳಿದ ಕಲ್ಲಿನ ಪದರಕ್ಕೆ ಚಾಕು ಹಾಕಿ ಬಿಡಿಸಿದ. ಒಳಗೆ ಉಗುರಿನಷ್ಟು ಮೀನಿನ ಅಚ್ಚು, ಹುರುಪೆ ಸಮೇತ ಇತ್ತು.

“ಮೀನು ಐತಿ ಅಂದ್ರ ಒಂದಾನೊಂದು ಕಾಲಕ್ಕ ಇಲ್ಲಿ ಸಮುದ್ರ ಇತ್ರಿ. ಅದರ ಪಾಚಿ, ಕಣ್ಣಿಗೆ ಕಾಣದ ಹುಳ ಸತ್ತು ಕೆಸರಾಗ ಕುಂತು ಕಲ್ಲಾದುವು. ಅವ ಬೀಜ. ಮ್ಯಾಲ ಕುಂತ ಗುಡ್ಡ ಹಿಂಡಿತು, ಭೂಮಿ ಒಳಗಿನ ಕಾವು ಬೇಯಿಸ್ತು. ಎಣ್ಣಿ ನೀರಿಗಿಂತ ಹಗರ ನೋಡ್ರಿ, ಮರಳುಗಲ್ಲಿನ ಸಂದ್ಯಾಗ ಏರಿ ನಿಮ್ಮ ಬಾವಿಗೆ ಬಂತು. ಯಾರೂ ಸುರದಿಲ್ಲ. ಕಟ್ಟಸೂದ ಆದ್ರ ಈ ಗುಡ್ಡಾನ ಕಟ್ಟಸ್ರಿ.”

ಯಾರೋ ಕಿಸಕ್ಕೆಂದು ನಕ್ಕರು. ದೊರೆ ಮೀನಿನ ಅಚ್ಚನ್ನು ಉಗುರಿನಿಂದ ಕೆರೆದ. ಅಳಿಯಲಿಲ್ಲ.

“ಒಗಟು ಬಿಡಿಸಿದೆ. ಏನು ಬೇಕು? ಅರ್ಧ ರಾಜ್ಯವೇ?”

“ನಮ್ಮವ್ವ ಬೇಕು. ಸೆರ್‍ಯಾಗ ಇದ್ದವರ ತಲಿ ಉಳೀಬೇಕು. ಇನ್ನ ಮ್ಯಾಲ ನಿಮ್ಮ ಮುಂದ ಯಾರ ದೂರು ತಂದರೂ, ಅದರ ಹಿಂಡಿ ಕಟಗೊಂಡು ಬರಲಿ.”

“ಇಷ್ಟೇ ಯಾಕೆ? ಇದರ ಹಿಂದೆ ಏನಿದೆ?” ಎಂದು ದೊರೆ ಅವನ ಮುಖವನ್ನೇ ನೋಡಿದ. ಹುಡುಕಿ ಹುಡುಕಿ ಏನೂ ಸಿಗದೆ, ನಾಚಿಕೆಯಿಂದ ತಲೆ ತಗ್ಗಿಸಿ ಸೆರೆಮನೆಯ ಬೀಗದ ಕೈ ಕೊಟ್ಟ. ಅರಮನೆಯಲ್ಲಿ ಎಣ್ಣೆ, ಕಲ್ಲು ನೋಡುವ ಹುದ್ದೆಯನ್ನೂ ಅವನಿಗೇ ಕೊಟ್ಟ.

ನಾಗವ್ವ ಹೊರಗೆ ಬಂದಳು. ಬಾವಿಯ ಎಣ್ಣೆಯ ಗಡಿಗೆ ಕಂಡವಳೇ ಅದರ ಕೊರಳು ಮುಟ್ಟಿ ನೋಡಿದಳು. “ಇದರ ಹಿಂಡಿ ಎಲ್ಲೋ?”

ಮೈಲಾರಿ ಅಳುತ್ತಲೇ ಪಂಚೆಯ ಅಂಚು ಹರಿದು ಕರಿಗಲ್ಲನ್ನು ಕಟ್ಟಿದ. ಅವಳು ಗಡಿಗೆ ಮೂಸಿದಳು, ಕಲ್ಲು ಮೂಸಿದಳು, ಆಮೇಲೆ ಮಗನ ತಲೆ ನೇವರಿಸಿದಳು.

“ತಾಳೆ ಆತು. ನಡಿ, ಎತ್ತಿಗೆ ನೀರು ಕುಡಸಬೇಕು.”