ಕಡಲಮೂಗಿನ ಮೂರು ಕಾಡು

ಕಡಲೊಳಗೆ ಮೂಗಿನಂತೆ ಚಾಚಿಕೊಂಡ ನೆಲವೊಂದಿತ್ತು. ಮೂರು ಕಡೆ ನೀರು, ಒಂದು ಕಡೆ ದಾರಿ. ಜನ ಅದನ್ನು ಕಡಲಮೂಗು ಎಂದೇ ಕರೆಯುತ್ತಿದ್ದರು.

ಆ ದಾರಿ ಶುರುವಾಗುವಲ್ಲಿ ಮಾಬಲ ಗುರುಗಳ ಆಶ್ರಮ. ಪುಂಡಲೀಕನೆಂಬ ಶಿಷ್ಯ ಆರು ವರ್ಷದಿಂದ ಅಲ್ಲಿದ್ದ. ಒಳ್ಳೆಯವನು, ಚುರುಕಿನವನು. ಅವನ ಬಾಯಿಯದೊಂದೇ ತೊಂದರೆ. ಏಳುವಾಗ ತೆರೆದರೆ ಮಲಗುವಾಗಲೇ ಮುಚ್ಚುತ್ತಿತ್ತು.

ಒಂದು ದಿನ ಅವನು ಗುರುಗಳ ಮುಂದೆ ಕೈಮುಗಿದು ನಿಂತ.

“ಗುರುಗಳೇ, ನೀವು ಹೇಳಿದ್ದೆಲ್ಲ ನನಗೆ ಬಾಯಿಪಾಠವಾಗಿದೆ. ಇನ್ನು ಊರೂರಿಗೆ ಹೋಗಿ ಜನರಿಗೆ ತಿಳಿಹೇಳಬೇಕೆಂದಿದ್ದೇನೆ. ಅಪ್ಪಣೆ ಕೊಡಿ.”

ಗುರುಗಳು ಹುರುಳಿಯಲ್ಲಿದ್ದ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಈ ಮೂಗಿನ ಮೇಲೆ ಸರ್ಕಾರ ಕಾಯುವ ಮೂರು ಕಾಡುಗಳಿವೆ. ತುದಿಯಲ್ಲಿ ಪಕ್ಷಿಧಾಮ. ನಡುವೆ ಜಿಂಕೆವನ. ಹೊಳೆ ಕಡಲಿಗೆ ಸೇರುವಲ್ಲಿ ಕಾಂಡ್ಲಾವನ. ಮೂರನ್ನೂ ನೋಡಿ ಬಾ. ಆಮೇಲೆ ಮಾತಾಡೋಣ.”

ಮರುದಿನ ಬೆಳಿಗ್ಗೆ ಯಾರದೋ ಸೈಕಲ್ ಹತ್ತಿ ಹೋದ ಪುಂಡಲೀಕ, ಸಂಜೆ ಗಂಜಿ ಬಡಿಸುವ ಮೊದಲೇ ವಾಪಸು ಬಂದ.

“ನೋಡಿದೆ ಗುರುಗಳೇ.”

“ಮೂರನ್ನೂ?”

“ಮೂರನ್ನೂ.”

“ಏನೇನು ಕಂಡೆ?”

ಪುಂಡಲೀಕ ಕಣ್ಣು ಮುಚ್ಚಿ ಒಪ್ಪಿಸಿದ. “ಪಕ್ಷಿಧಾಮದ ಸಮಯ ಬೆಳಿಗ್ಗೆ ಆರರಿಂದ ಸಂಜೆ ಆರು. ಜಿಂಕೆವನದಲ್ಲಿ ಬೆಂಕಿ ಹಚ್ಚುವುದು ಶಿಕ್ಷಾರ್ಹ ಅಪರಾಧ. ಕಾಂಡ್ಲಾವನದಲ್ಲಿ ಪ್ಲಾಸ್ಟಿಕ್ ಎಸೆಯಬಾರದು, ಹಲಗೆಯ ದಾರಿ ಬಿಟ್ಟು ಇಳಿಯಬಾರದು.”

“ಬೋರ್ಡುಗಳು ಈ ವರ್ಷ ಚೆನ್ನಾಗಿ ಬೆಳೆದಿವೆ ಅನ್ನು,” ಎಂದರು ಗುರುಗಳು. “ನಾಳೆ ನಾನೂ ಬರುತ್ತೇನೆ.”

ಬೆಳಕು ಹರಿಯುವಾಗ ಇಬ್ಬರೂ ಮೂಗಿನ ತುದಿಯ ಬಂಡೆಯ ಮೇಲಿದ್ದರು. ಗುರುಗಳ ಕೈಯಲ್ಲಿ ಹಳೆಯದೊಂದು ಕೊಡೆ. ಪುಂಡಲೀಕನ ಕೈಯಲ್ಲಿ ಹಕ್ಕಿಗಳ ಚಿತ್ರವಿದ್ದ ದಪ್ಪ ಪುಸ್ತಕ.

ದೊಡ್ಡದೊಂದು ಹಕ್ಕಿ ಕಡಲ ಮೇಲೆ ತೇಲಿ ಬಂತು.

“ತಾಳಿ, ಯಾವುದೆಂದು ಈಗಲೇ ಹೇಳುತ್ತೇನೆ,” ಎಂದು ಪುಂಡಲೀಕ ಪುಟ ತಿರುವತೊಡಗಿದ.

ಹಕ್ಕಿ ರೆಕ್ಕೆ ಮಡಚಿ ಕಲ್ಲಿನಂತೆ ಬಿತ್ತು. ನೀರು ಸಿಡಿಯಿತು. ಉಗುರಿನಲ್ಲಿ ಒದ್ದಾಡುವ ಮೀನನ್ನು ಹಿಡಿದು ಅವರಿಬ್ಬರ ತಲೆಯ ಮೇಲೇ ಹಾರಿಹೋಯಿತು. ಮೀನಿನಿಂದ ಇಳಿದ ನೀರು ತೆರೆದ ಪುಟದ ಮೇಲೆ ತೊಟ್ಟಿಕ್ಕಿತು.

“ಸಿಕ್ಕಿತು!” ಎಂದು ಪುಂಡಲೀಕ ಪುಟ ಒರೆಸುತ್ತ ಕೂಗಿದ. “ಬಿಳಿ ಹೊಟ್ಟೆಯ ಕಡಲಹದ್ದು! ಎಲ್ಲಿ ಅದು?”

“ಹೋಯಿತು.”

“ಹೋಗಲಿ ಬಿಡಿ, ಹೆಸರಂತೂ ಸಿಕ್ಕಿತು.”

“ಒಳ್ಳೆಯದಾಯಿತು,” ಎಂದರು ಗುರುಗಳು. “ಅದಕ್ಕೂ ಸಂತೋಷವಾಗುತ್ತಿತ್ತೋ ಏನೋ.”

ಅಲ್ಲಿಂದ ಜಿಂಕೆವನಕ್ಕೆ ನಡೆದರು. ಕುರುಚಲು ಕಾಡು, ಕೆಂಪು ಮಣ್ಣಿನ ಕಾಲುದಾರಿ. ಕಾಡು ತಣ್ಣಗಿತ್ತು.

“ಎಂಥ ಮೌನ ನೋಡಿ!” ಎಂದು ಪುಂಡಲೀಕ ಶುರುಮಾಡಿದ. “ಮೌನದ ಮೇಲೆ ನಾನೊಂದು ಉಪನ್ಯಾಸ ಸಿದ್ಧಮಾಡಿದ್ದೇನೆ. ಮೌನಕ್ಕೆ ಏಳು ಮೆಟ್ಟಿಲು. ಮೊದಲನೆಯದು ನಾಲಿಗೆಯ ಮೌನ...”

ಏಳನೇ ಮೆಟ್ಟಿಲು ಮುಗಿಯುವಾಗ ಕಾಡೂ ಮುಗಿದಿತ್ತು.

“ಒಂದು ಜಿಂಕೆಯೂ ಕಾಣಲಿಲ್ಲವಲ್ಲ ಗುರುಗಳೇ. ನಿಜವಾಗಿ ಇವೆಯೋ ಇಲ್ಲವೋ!”

“ಇವೆ. ಆಚೆ ಗುಡ್ಡದಲ್ಲಿ ನಿಂತು ನಿನ್ನ ಉಪನ್ಯಾಸ ಕೇಳುತ್ತಿದ್ದವು.”

ಪುಂಡಲೀಕನಿಗೆ ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡ.

ಮಧ್ಯಾಹ್ನ ಕಾಂಡ್ಲಾವನಕ್ಕೆ ಬಂದರು. ಉಪ್ಪುನೀರಿನ ಕೆಸರಿನಲ್ಲಿ ಬೇರುಗಳನ್ನು ಮೇಲಕ್ಕೆತ್ತಿ ನಿಂತ ಕಾಂಡ್ಲಾ ಮರಗಳು. ಅವುಗಳ ನಡುವೆ ಅರಣ್ಯ ಇಲಾಖೆ ಹಾಕಿಸಿದ ಹಲಗೆಯ ದಾರಿ. ನೀರು ಇಳಿದಿತ್ತು. ಕೆಸರು ಬೆಣ್ಣೆಯಂತೆ ಹೊಳೆಯುತ್ತಿತ್ತು.

“ಗುರುಗಳೇ, ಹೆಜ್ಜೆ ಗುರುತು! ನೀರುನಾಯಿಯದೇ!” ಎನ್ನುತ್ತ ಪುಂಡಲೀಕ ಹಲಗೆಯಿಂದ ಕೆಳಗೆ ಹಾರಿದ.

ನಾಲ್ಕು ಹೆಜ್ಜೆ ನಡೆದ. ಐದನೆಯದಕ್ಕೆ ಕಾಲು ಮೇಲೇಳಲಿಲ್ಲ. ಎಳೆದ. ಎಳೆದಷ್ಟೂ ಇಳಿದ. ಕೆಸರು ತೊಡೆಗೆ ಬಂತು.

ಗುರುಗಳು ಕೊಡೆ ಚಾಚುತ್ತ ಕೆಳಗಿಳಿದರು. ಅವನಿಗಿಂತ ಎರಡು ಹೆಜ್ಜೆ ಈಚೆಗೇ ನಿಂತುಬಿಟ್ಟರು. ಕೊಡೆಯನ್ನು ಪಕ್ಕದಲ್ಲಿ ಊರಿದರು. ಕಣ್ಣು ಅರ್ಧ ಮುಚ್ಚಿದರು.

“ಯಾರಾದರೂ ಇದ್ದೀರಾ!” ಎಂದು ಪುಂಡಲೀಕ ಎರಡೂ ಕೈ ಬೀಸಿ ಕೂಗಿದ. ಬೆಳ್ಳಕ್ಕಿಗಳ ಹಿಂಡೊಂದು ಎದ್ದು ಹೋಯಿತು. ಬೇರಾರೂ ಓಗೊಡಲಿಲ್ಲ.

“ಗುರುಗಳೇ, ನೀರು ಏರುವ ಹೊತ್ತಾಯಿತು! ನೀವೇಕೆ ಸುಮ್ಮನೆ ನಿಂತಿದ್ದೀರಿ? ಇದೇನು ಪರೀಕ್ಷೆಯೇ?”

“ಪುಂಡಲೀಕ,” ಎಂದರು ಗುರುಗಳು ಮೆಲ್ಲಗೆ, “ಸುಮ್ಮನಿರು.”

ಪರೀಕ್ಷೆಯೇ ಎಂದು ಅವನಿಗೆ ಖಾತ್ರಿಯಾಯಿತು. ಬಾಯಿ ಮುಚ್ಚಿದ.

ಮುಚ್ಚಿದ ಬಾಯಿಯೊಳಗೆ ಮಾತು ಹಾಲಿನಂತೆ ಉಕ್ಕಿತು. ಹಲ್ಲು ಕಚ್ಚಿ ತಡೆದುಕೊಂಡ. ಸ್ವಲ್ಪ ಹೊತ್ತಿಗೆ ಮಾತು ಸುಸ್ತಾಗಿ ಕೂತಿತು. ಆಮೇಲೆ ಹೆದರಿಕೆ ಬಂತು. ಅದೂ ಎಷ್ಟು ಹೊತ್ತು ನಿಂತೀತು? ಅದಕ್ಕೂ ಬೇಸರ ಬಂತು.

ಆಗ ಪಟ್ ಎಂದು ಎಲ್ಲೋ ಸದ್ದಾಯಿತು. ಮತ್ತೊಂದು ಪಟ್. ಕೆಸರಿನ ತೂತುಗಳಿಂದ ಏಡಿಗಳು ಹೊರಬರುತ್ತಿದ್ದವು. ಒಂದೊಂದಕ್ಕೂ ಇಕ್ಕಳದಂಥ ಒಂದು ಕೊಂಬು ದೊಡ್ಡದು, ಒಂದು ಚಿಕ್ಕದು. ಬೆರಳುದ್ದದ ಮೀನೊಂದು ಕಣ್ಣನ್ನು ನೆತ್ತಿಯ ಮೇಲಿಟ್ಟುಕೊಂಡು, ನೀರಿಲ್ಲದ ಕೆಸರಿನ ಮೇಲೆ ಕುಪ್ಪಳಿಸುತ್ತ ಅವನ ಮುಂದೆಯೇ ಹಾದುಹೋಯಿತು. ಗುರುಗಳ ಕೊಡೆಯ ಹಿಡಿಯ ಮೇಲೆ ಮಿಂಚುಳ್ಳಿ ಬಂದು ಕೂತಿತು.

ನೀರು ಏರತೊಡಗಿತು. ಸೊಂಟಕ್ಕೆ ಬಂತು. ನೀರಿನ ಜೊತೆ ಅವೂ ಬಂದವು.

ಮೊದಲು ಕೀಚಲು ದನಿ ಕೇಳಿತು. ಬೇರುಗಳ ಸಂದಿಯಿಂದ ಚಪ್ಪಟೆ ತಲೆಯೊಂದು ತೇಲಿ ಬಂತು. ತಾಯಿ ನೀರುನಾಯಿ. ಹಿಂದೆ ಎರಡು ಮರಿ. ಒಂದು ಮರಿ ಈಜುತ್ತಿತ್ತು. ಇನ್ನೊಂದು ಬೇರಿನ ಮೇಲೆ ಕೂತು ಅಳುತ್ತಿತ್ತು. ತಾಯಿ ಹಿಂದಿರುಗಿತು, ಮರಿಯ ಕತ್ತಿನ ತೊಗಲನ್ನು ಕಚ್ಚಿ ಎತ್ತಿತು, ದೊಪ್ಪನೆ ನೀರಿಗೆ ಹಾಕಿತು. ಮರಿ ಮುಳುಗಿತು, ಎದ್ದಿತು, ಸೀನಿತು, ಈಜಿತು.

“ನೋಡಿ ಗುರುಗಳೇ!” ಎನ್ನಲು ಪುಂಡಲೀಕ ಬಾಯಿ ತೆರೆದ. ತೆರೆದ ಬಾಯಿಯನ್ನು ಯಾರೂ ಹೇಳದೆ ತಾನೇ ಮುಚ್ಚಿಕೊಂಡ.

ತಾಯಿ ಅವನ ಸೊಂಟದ ಮಟ್ಟದಲ್ಲಿ, ಮೊಳದಷ್ಟು ದೂರದಲ್ಲಿ ಹಾದುಹೋಯಿತು. ಗೂಟವೊಂದನ್ನು ನೋಡಿದಂತೆ ಅವನನ್ನೊಮ್ಮೆ ನೋಡಿತು. ತನ್ನನ್ನು ಗೂಟವೆಂದು ತಿಳಿದದ್ದಕ್ಕೆ ಪುಂಡಲೀಕನಿಗೆ ಯಾಕೋ ಕಣ್ಣಲ್ಲಿ ನೀರು ಬಂತು.

ಎದೆಯವರೆಗೆ ನೀರು ಬಂದಾಗ ದೋಣಿಯ ಹುಟ್ಟಿನ ಸದ್ದು ಕೇಳಿತು. ಬರುತ್ತಿದ್ದವಳು ಕಾಂಡ್ಲಾವನ ಕಾಯುವ ಸಣ್ಣಮ್ಮ. ನೀರು ಏರಿದಾಗ ಒಂದು ಸುತ್ತು ಹೊಡೆಯುವುದು ಅವಳ ಕೆಲಸ.

“ಅಯ್ಯೋ ದೇವ್ರೇ! ಗುರುಗಳಾ?” ಎಂದಳು. “ಹಲಗೆ ಹಾಕಿದ್ದು ಎಂತಕ್ಕೆ, ಚಂದಕ್ಕಾ? ಅಷ್ಟು ದೊಡ್ಡ ಬೋರ್ಡು ಬರೆಸಿ ಇಟ್ಟದ್ದು ಎಂತಕ್ಕೆ? ಓದೂಕೆ ಬರೂದಿಲ್ವಾ?”

“ಇವನಿಗೆ ಬಾಯಿಪಾಠ ಬರುತ್ತದಮ್ಮ,” ಎಂದರು ಗುರುಗಳು.

ಸಣ್ಣಮ್ಮ ಹಗ್ಗ ಎಸೆದಳು. ಮೊದಲು ಗುರುಗಳು, ಆಮೇಲೆ ಪುಂಡಲೀಕ, ಮೂಟೆಗಳಂತೆ ದೋಣಿಗೆ ಬಿದ್ದರು. ಪುಂಡಲೀಕನ ಚಪ್ಪಲಿ ಕೆಸರಿಗೇ ಹೋಯಿತು.

ಅವನು ಗುರುಗಳ ಕೆಸರು ಕಾಲಿಗೆ ಹಣೆ ಹಚ್ಚಿದ. “ನನಗೆ ಕಲಿಸಲೆಂದು ಈ ವಯಸ್ಸಿನಲ್ಲಿ ಅಲುಗಾಡದೆ ನಿಂತಿರಲ್ಲ!”

“ಅಲುಗಾಡುವುದೇನು ಬಂತು? ನಾನೂ ಹೂತುಹೋಗಿದ್ದೆ ಮಾರಾಯ,” ಎಂದು ಗುರುಗಳು ಪಂಚೆಯ ತುದಿ ಹಿಂಡಿದರು.

“ಹಾಗಾದರೆ ಸುಮ್ಮನಿರು ಎಂದದ್ದು?”

“ನೀನು ಮಾತಾಡುವಾಗೆಲ್ಲ ಕೈ ಬೀಸುತ್ತೀ. ಬೀಸಿದಷ್ಟೂ ನೀನು ಒಳಗೆ ಹೋಗುತ್ತಿದ್ದೆ.”

ಪುಂಡಲೀಕ ಅವರ ಮುಖ ನೋಡಿದ. ಅವನಿಗೆ ನಗು ಬಂತು. ಗುರುಗಳಿಗೂ ಬಂತು. ದೋಣಿ ಅಲ್ಲಾಡುವಷ್ಟು ನಕ್ಕರು. ಸಣ್ಣಮ್ಮ ಇಬ್ಬರನ್ನೂ ಗದರಿಸಿ ಕೂರಿಸಿದಳು.

ದೋಣಿ ದಡದ ಕಡೆ ತಿರುಗಿತು. ಬಿಸಿಲು ಇಳಿಯುತ್ತಿತ್ತು.

“ಅಷ್ಟೊತ್ತು ನಿಂತು ಎಂತೆಲ್ಲ ಕಂಡ್ರಿ?” ಎಂದು ಸಣ್ಣಮ್ಮ ಪುಂಡಲೀಕನನ್ನು ಕೇಳಿದಳು.

ಅವನು ಹೇಳಲು ಹೊರಟ. ಸೀನಿದ ಮರಿ ಕಣ್ಣ ಮುಂದೆ ಬಂತು.

“ನೀರುನಾಯಿ,” ಎಂದ. ಮತ್ತೇನೂ ಹೇಳದೆ ನೀರು ನೋಡುತ್ತ ಕೂತ.

ಸಣ್ಣಮ್ಮ ನಾಲ್ಕು ಹುಟ್ಟು ಹಾಕುವವರೆಗೆ ಕಾದಳು. ಆಮೇಲೆ ಗುರುಗಳ ಕಡೆ ಬಾಗಿ, ದನಿ ತಗ್ಗಿಸಿ ಕೇಳಿದಳು.

“ಬಹಳ ಸುಮ್ಮಗಿರೂ ಜನ ಇವ್ರು. ನಿಮ್ಮ ಆಶ್ರಮಕ್ಕೆ ಬಂದು ಎಷ್ಟು ವರ್ಷ ಆಯ್ತು?”

ಗುರುಗಳು ಕೆಸರಾದ ಕೊಡೆಯನ್ನು ನೀರಿಗೆ ಅದ್ದಿ ತೊಳೆದರು.

“ಇವತ್ತೇ ಬಂದದ್ದು ಸಣ್ಣಮ್ಮ.”